ಗಿಟಾರಿನ ಬಿಲ್ಲೆ

ತಂತಿವಾದ್ಯವನ್ನು ನುಡಿಸುವವರಿಗೆ ಬೆರಳೇ ಮೊದಲ ಸಾಧನ. ಆದರೆ ಉಗುರು ಸವೆಯುತ್ತದೆ, ಬೆರಳ ತುದಿ ನೋಯುತ್ತದೆ. ತಂತಿ ಉಕ್ಕಿನದಾದರೆ ಹೇಳುವುದೇ ಬೇಡ. ಆದುದರಿಂದಲೇ ಸಿತಾರ್ ವಾದಕರು ತೋರುಬೆರಳಿಗೆ ಮಿಜ್ರಾಬನ್ನು ತೊಡುತ್ತಾರೆ. ಸರೋದ್ ವಾದಕರು ತೆಂಗಿನ ಕರಟದಿಂದ ಮಾಡಿದ ಜವಾವನ್ನು ಹಿಡಿಯುತ್ತಾರೆ. ಗಿಟಾರಿನಲ್ಲಿ ಈ ಕೆಲಸವನ್ನು ಮಾಡುವುದು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿಯುವ, ಮೂರು ಮೂಲೆಯ ಒಂದು ಪುಟ್ಟ ಬಿಲ್ಲೆ. ಪಿಕ್ ಎಂದು ಅದರ ಹೆಸರು. ಸಾವಿರಾರು ರೂಪಾಯಿಯ ವಾದ್ಯವನ್ನು ಹತ್ತು ಅಂಗಡಿ ತಿರುಗಿ ಆರಿಸುವ ಅಭ್ಯಾಸಿಗಳು, ಕೆಲವೇ ರೂಪಾಯಿಗೆ ದೊರೆಯುವ ಈ ಬಿಲ್ಲೆಯ ವಿಷಯದಲ್ಲಿ ಮಾತ್ರ ಅಂಗಡಿಯವರು ಕೊಟ್ಟದ್ದನ್ನೇ ಕಿಸೆಗೆ ಹಾಕಿಕೊಂಡು ಬರುತ್ತಾರೆ. ನಾದವು ಹುಟ್ಟುವುದು ಅದರ ತುದಿಯಲ್ಲಿ ಎಂಬುದನ್ನು ಮರೆಯುತ್ತಾರೆ.

ಹಿಂದೆ ಈ ಬಿಲ್ಲೆಗಳನ್ನು ಕಡಲಾಮೆಯ ಚಿಪ್ಪಿನಿಂದ ಮಾಡುತ್ತಿದ್ದರು. 1973ರ ಅಂತರರಾಷ್ಟ್ರೀಯ ಒಪ್ಪಂದದ ಅನ್ವಯ ಆ ಚಿಪ್ಪಿನ ವ್ಯಾಪಾರಕ್ಕೆ ತಡೆ ಬಿತ್ತು. ಅದು ಒಳಿತೇ ಆಯಿತು. ಈಗಿನವು ಸೆಲ್ಯುಲಾಯ್ಡ್, ನೈಲಾನ್ ಮುಂತಾದವುಗಳಿಂದಾದವು. 0.6 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ತೆಳು, 0.6ರಿಂದ 0.8ರವರೆಗೆ ಮಧ್ಯಮ, ಅದಕ್ಕೆ ಮೇಲ್ಪಟ್ಟದ್ದು ದಪ್ಪ ಎಂದು ಸ್ಥೂಲವಾಗಿ ವಿಂಗಡಿಸುವುದುಂಟು.

ತೆಳು ಬಿಲ್ಲೆಯು ತಂತಿಗೆ ತಾಗಿದೊಡನೆ ತಾನೇ ಬಾಗುತ್ತದೆ. ಆರು ತಂತಿಗಳ ಮೇಲೂ ಕೈಯನ್ನು ಒಮ್ಮೆಲೇ ಎಳೆದಾಗ ಎಲ್ಲಿಯೂ ತೊಡಕಾಗುವುದಿಲ್ಲ. ಹೊಸಬರಿಗೆ ಅದು ಪ್ರಿಯವಾಗುವುದು ಈ ಕಾರಣದಿಂದಲೇ. ಆದರೆ ಒಂದೊಂದೇ ತಂತಿಯನ್ನು ಮೀಟಹೊರಟಾಗ ಅದರ ಕೊರತೆ ಬಯಲಾಗುತ್ತದೆ. ಬಿಲ್ಲೆ ಬಾಗಿ ತಂತಿಯನ್ನು ದಾಟುವ ಹೊತ್ತಿಗೆ ಸ್ವರವು ಕ್ಷಣಮಾತ್ರ ಹಿಂದೆ ಬೀಳುತ್ತದೆ. ನಾದದೊಡನೆ ಚಟ್ಟೆಂಬ ಸದ್ದೂ ಸೇರುತ್ತದೆ. ದಪ್ಪ ಬಿಲ್ಲೆಯ ಸ್ವಭಾವವೇ ಬೇರೆ. ಅದು ಬಾಗದು. ಕೈಯ ಬಲವು ನೇರವಾಗಿ ತಂತಿಗೆ ಸಾಗುವುದರಿಂದ ನಾದ ತುಂಬಿ ಬರುತ್ತದೆ. ಆದರೆ ಬಿಗಿಯಾಗಿ ಹಿಡಿಯುವವರ ಕೈಯಲ್ಲಿ ಅದು ತಂತಿಗೆ ಸಿಕ್ಕಿಕೊಳ್ಳುತ್ತದೆ. ತಂತಿಯೆದುರು ಯಾವುದಾದರೊಂದು ಮಣಿಯಲೇಬೇಕು: ಬಿಲ್ಲೆ ಮಣಿಯದಿದ್ದರೆ ಬೆರಳ ಹಿಡಿತವಾದರೂ ಸಡಿಲಬೇಕು. ತೆಳು ಬಿಲ್ಲೆಯಾದರೋ ಕೈಯ ದೋಷವನ್ನು ತಾನೇ ಹೊತ್ತು ಮರೆಮಾಡುತ್ತದೆ.

ಆದುದರಿಂದ ಕಲಿಯುವವರಿಗೆ ತೆಳುವಾದುದೇ ತಕ್ಕುದೆಂಬ ರೂಢಿಯ ಮಾತನ್ನು ಪೂರ್ಣವಾಗಿ ಒಪ್ಪಲಾಗದು. ಮೊದಲ ಕೆಲವು ವಾರ ಅದು ಧೈರ್ಯ ಕೊಡುವುದು ನಿಜ. ಬೇಸತ್ತು ವಾದ್ಯವನ್ನು ಮೂಲೆಗಿಡುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ವರ್ಷಗಟ್ಟಲೆ ಅದನ್ನೇ ನೆಚ್ಚಿದವರ ಕೈ ಹಗುರವಾಗಿ ಹಿಡಿಯುವುದನ್ನು ಕಲಿಯದೆಯೇ ಉಳಿಯುವ ಸಂಭವವುಂಟು. 0.7 ಮಿಲಿಮೀಟರಿನ ಆಸುಪಾಸಿನ ಮಧ್ಯಮ ಬಿಲ್ಲೆಯಿಂದ ಆರಂಭಿಸಿ, ಒಂಟಿ ಸ್ವರಗಳ ಅಭ್ಯಾಸಕ್ಕೆ ಬಂದಾಗ 1 ಮಿಲಿಮೀಟರಿನದನ್ನು ದಿನಕ್ಕೆ ಹತ್ತು ನಿಮಿಷವಾದರೂ ಹಿಡಿಯುವುದು ಲೇಸು. ಮೊದಮೊದಲು ಅದು ಕೈಯಿಂದ ಜಾರುತ್ತದೆ. ಜಾರಲಿ! ಎಷ್ಟು ಬಿಗಿ ಸಾಕು ಎಂಬುದು ಬೆರಳಿಗೆ ತಿಳಿಯಲು ಅದೇ ದಾರಿ.

ಪ್ರಸಿದ್ಧರು ಬಳಸುವುದನ್ನೇ ತಾವೂ ಕೊಳ್ಳುವ ಚಪಲವೊಂದಿದೆ. ಇಂಗ್ಲೆಂಡಿನ ಬ್ರಿಯಾನ್ ಮೇ ನುಡಿಸುವುದು ಆರು ಪೆನ್ನಿಯ ಹಳೆಯ ನಾಣ್ಯದಿಂದ. ಅಮೆರಿಕದ ಜಾಝ್ ವಾದಕ ವೆಸ್ ಮಾಂಟ್‌ಗೊಮರಿಗೆ ಬಿಲ್ಲೆಯೇ ಬೇಡವಾಗಿತ್ತು. ಆತ ಬರಿಯ ಹೆಬ್ಬೆರಳಿನಿಂದ ನುಡಿಸಿದ. ಇವರಿಬ್ಬರಲ್ಲಿ ಯಾರನ್ನು ಅನುಕರಿಸಬೇಕು? ನಾಣ್ಯವನ್ನು ಹುಡುಕಿ ತಂದ ಮಾತ್ರಕ್ಕೆ ಆ ಕೈ ಬಾರದು.

ಅದರ ಬದಲು ತೆಳು, ಮಧ್ಯಮ, ದಪ್ಪ ಎಂಬ ಮೂರನ್ನೂ ಕೊಂಡು, ಒಂದೇ ಹಾಡನ್ನು ಮೂರರಿಂದಲೂ ನುಡಿಸಿ ನೋಡಬಹುದು. ಮನೆಯವರೊಬ್ಬರು ಬೆನ್ನು ತಿರುಗಿಸಿ ಕುಳಿತು ಕೇಳಲಿ. ನುಡಿಸುವವರ ಗಮನವೆಲ್ಲ ಕೈಯ ಸುಖದ ಮೇಲಿರುತ್ತದೆ; ಚಟ್ಟೆಂಬ ಸದ್ದು ಯಾವುದರಲ್ಲಿ ಹೆಚ್ಚು, ನಾದ ಯಾವುದರಲ್ಲಿ ತುಂಬಿದೆ ಎಂಬುದನ್ನು ದೂರ ಕುಳಿತವರೇ ಬೇಗ ಹೇಳಬಲ್ಲರು.