ಪದಸಾಮ್ಯವು ಅರ್ಥಸಾಮ್ಯವಲ್ಲ: ಇಟಲಿಯ ಕ್ರಯಪತ್ರಗಳ ಆಂಗ್ಲ ಭಾಷಾಂತರ

ಒಂದು ದೇಶದ ಶಾಸನದ ಮಾತನ್ನು ಮತ್ತೊಂದು ದೇಶದ ಭಾಷೆಗೆ ತರುವವನು ಕಾವ್ಯವನ್ನು ಭಾಷಾಂತರಿಸುವವನಿಗಿಂತಲೂ ಹೆಚ್ಚಿನ ಎಚ್ಚರದಿಂದಿರತಕ್ಕದ್ದು. ಕಾವ್ಯದಲ್ಲಿ ಪದವು ತಪ್ಪಿದರೆ ರಸಕ್ಕೆ ಹಾನಿ. ಕ್ರಯಪತ್ರದಲ್ಲಿ ತಪ್ಪಿದರೆ ಮನೆಗೂ ಹಣಕ್ಕೂ ಹಾನಿ. ಇಷ್ಟು ಸ್ಪಷ್ಟವಾದ ವಿಷಯವನ್ನು ಇಟಲಿ ದೇಶದ ಸ್ಥಿರಾಸ್ತಿಯ ಪತ್ರಗಳನ್ನು ಆಂಗ್ಲಕ್ಕೆ ತಿರುಗಿಸುವವರಲ್ಲಿ ಅನೇಕರು ಮರೆತಿರುವಂತೆ ತೋರುತ್ತದೆ. ಅವರ ಪಕ್ಷವೇನೆಂದರೆ: ಓದುವವನು ಆಂಗ್ಲ ಬಲ್ಲವನು, ಅವನಿಗೆ ಪರಿಚಿತವಾದ ಪದವನ್ನೇ ಕೊಡತಕ್ಕದ್ದು, ಅಪರಿಚಿತ ಪದದಿಂದ ಅವನನ್ನು ಬೆದರಿಸಲಾಗದು. ಈ ಪಕ್ಷವು ಕೇಳುವುದಕ್ಕೆ ಇಂಪಾಗಿದೆ, ಪರೀಕ್ಷೆಗೆ ನಿಲ್ಲುವುದಿಲ್ಲ.

ಮೊದಲು ‘ಕೊಂಪ್ರೊಮೆಸ್ಸೊ’ ಎಂಬುದನ್ನು ವಿಚಾರಿಸೋಣ. ಮನೆಯ ಕ್ರಯಪತ್ರಕ್ಕೆ ಮುಂಚಿತವಾಗಿ ಬರೆದುಕೊಳ್ಳುವ ಕರಾರಿಗೆ ಇಟಲಿಯ ಆಡುಮಾತಿನಲ್ಲಿ ಈ ಹೆಸರು. ಧ್ವನಿಸಾಮ್ಯಕ್ಕೆ ಮರುಳಾಗಿ ಇದನ್ನು ‘ಕಾಂಪ್ರಮೈಸ್’ ಎಂದರೆ ಅರ್ಥವು ರಾಜಿಯಾಗುತ್ತದೆ. ವ್ಯಾಜ್ಯವೇ ಇಲ್ಲದಲ್ಲಿ ರಾಜಿಯು ಎಲ್ಲಿಂದ ಬಂದೀತು? ಇನ್ನು ಕೆಲವರು ‘ತಾತ್ಕಾಲಿಕ ಒಪ್ಪಂದ’ವೆಂಬರ್ಥದ ಆಂಗ್ಲಪದವನ್ನು ಹಾಕುವರು. ಇದು ಮೊದಲನೆಯದಕ್ಕಿಂತಲೂ ಅಪಾಯಕರ. ಏಕೆಂದರೆ ಇದರ ದೋಷವು ಕಣ್ಣಿಗೆ ಬೀಳುವುದಿಲ್ಲ. ಇಂಗ್ಲೆಂಡಿನಲ್ಲಿ ಬೆಲೆಗೆ ಒಪ್ಪಿದ ಮಾತ್ರಕ್ಕೆ ಬಂಧನವಿಲ್ಲ. ಕರಾರುಪತ್ರಗಳು ಪರಸ್ಪರ ವಿನಿಮಯವಾಗುವವರೆಗೆ ಉಭಯರೂ ಹಿಂದೆಗೆಯಬಹುದು. ಆ ಅಭ್ಯಾಸದಲ್ಲಿ ಬೆಳೆದವನು ‘ತಾತ್ಕಾಲಿಕ’ವೆಂಬುದನ್ನೋದಿ ನಿಶ್ಚಿಂತನಾಗಿ ರುಜು ಹಾಕುವನು. ಇಟಲಿಯ ೧೯೪೨ರ ಸಿವಿಲ್ ಸಂಹಿತೆಯ ೨೯೩೨ನೆಯ ವಿಧಿಯಾದರೋ, ಒಪ್ಪಿಕೊಂಡವನು ಕ್ರಯಪತ್ರವನ್ನು ಬರೆದುಕೊಡದಿದ್ದರೆ ನ್ಯಾಯಾಲಯದ ತೀರ್ಪೇ ಆ ಪತ್ರದ ಫಲವನ್ನು ಉಂಟುಮಾಡಬಹುದೆಂದು ಸಾರುತ್ತದೆ.

ಎರಡನೆಯದು ‘ಕಪಾರ್ರಾ ಕೊನ್‌ಫಿರ್ಮಾತೋರಿಯಾ’. ಕರಾರಿನ ಕಾಲದಲ್ಲಿ ಕೊಳ್ಳುವವನು ಮಾರುವವನಿಗೆ ಕೊಡುವ ಹಣವಿದು. ೧೩೮೫ನೆಯ ವಿಧಿಯಂತೆ, ಕೊಟ್ಟವನು ಮಾತಿಗೆ ತಪ್ಪಿದರೆ ಪಡೆದವನು ಕರಾರನ್ನು ಬಿಟ್ಟು ಹಣವನ್ನು ಉಳಿಸಿಕೊಳ್ಳಬಹುದು. ಪಡೆದವನೇ ತಪ್ಪಿದರೆ ಕೊಟ್ಟವನು ಕರಾರನ್ನು ಬಿಟ್ಟು ಇಮ್ಮಡಿಯನ್ನು ಕೇಳಬಹುದು. ೨,೦೦,೦೦೦ ಯೂರೋ ಬೆಲೆಯ ಮನೆಗೆ ಒಬ್ಬನು ೨೦,೦೦೦ವನ್ನು ಹೀಗೆ ಕೊಟ್ಟನೆನ್ನೋಣ. ಮಾರುವವನು ಹಿಂದೆಗೆದರೆ ಅವನಿಗೆ ಬರತಕ್ಕದ್ದು ೪೦,೦೦೦. ಇದನ್ನು ಬರಿಯ ‘ಡೆಪಾಸಿಟ್’ ಎಂದು ಬರೆದರೆ ಓದುಗನು ತನ್ನ ೨೦,೦೦೦ ಹಿಂದಕ್ಕೆ ಬಂದರೆ ಸಾಕೆಂದು ಸುಮ್ಮನಾಗುವನು. ‘ಅಡ್ವಾನ್ಸ್’ ಎಂದರೆ ಇನ್ನೂ ಕೆಡುಕು. ಏಕೆಂದರೆ ಅದಕ್ಕೆ ಇಟಲಿಯಲ್ಲಿ ‘ಅಕ್ಕೊಂತೊ’ ಎಂಬ ಬೇರೆಯ ಪದವೇ ಉಂಟು. ಅದು ಬೆಲೆಯ ಒಂದು ಭಾಗದ ಮುಂಪಾವತಿ ಮಾತ್ರ. ಅದಕ್ಕೆ ಇಮ್ಮಡಿಯ ನಿಯಮವಿಲ್ಲ. ೧೩೮೬ನೆಯ ವಿಧಿಯಲ್ಲಿ ಹೇಳಿರುವ ‘ಪೆನಿತೆನ್ಸಿಯಾಲೆ’ ಎಂಬ ಕಪಾರ್ರಾ ಮೂರನೆಯ ಬಗೆ. ಅದು ಹಿಂದೆಗೆಯುವ ಹಕ್ಕಿಗೆ ತೆರುವ ಬೆಲೆ. ಮೂರು ಔಷಧಗಳ ಸೀಸೆಗಳಿಗೆ ಒಂದೇ ಹೆಸರಿನ ಚೀಟಿಯನ್ನು ಅಂಟಿಸಿದರೆ ರೋಗಿಯ ಗತಿಯೇನು?

ಈ ಇಮ್ಮಡಿಯ ನ್ಯಾಯವು ನಮ್ಮವರಿಗೆ ಹೊಸದಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ‘ಸತ್ಯಂಕಾರ’ವು ಬರುತ್ತದೆ, ಈ ಶಬ್ದದ ಮುಮಾಗಮಕ್ಕಾಗಿ ಪಾಣಿನಿಯು ಸೂತ್ರವನ್ನೇ ಮಾಡಿರುವನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ, ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇದನ್ನು ವಿವರಿಸುತ್ತ, ಕ್ರಯವಿಕ್ರಯದ ಕಟ್ಟಳೆಯು ನಿಲ್ಲಲೆಂದು ಉಂಗುರ ಮೊದಲಾದುದನ್ನು ಪರರ ಕೈಯಲ್ಲಿಟ್ಟಾಗ, ಇಟ್ಟವನು ತಪ್ಪಿದರೆ ಅದನ್ನು ಕಳೆದುಕೊಳ್ಳುವನೆಂದೂ ಪಡೆದವನು ತಪ್ಪಿದರೆ ಇಮ್ಮಡಿಯಾಗಿ ಹಿಂದಿರುಗಿಸತಕ್ಕದ್ದೆಂದೂ ಹೇಳಿರುವನು. ಜಸ್ಟಿನಿಯನ್ ಚಕ್ರವರ್ತಿಯು ೫೩೩ರಲ್ಲಿ ಹೊರಡಿಸಿದ ಇನ್‌ಸ್ಟಿಟ್ಯೂಟ್ಸ್ ಗ್ರಂಥದಲ್ಲಿಯೂ ಕ್ರಯದ ವಿಷಯದಲ್ಲಿ ಇದೇ ನಿಯಮವುಂಟು. ಸತ್ಯಂಕಾರದ ತದ್ಭವವೇ ನಮ್ಮ ‘ಸಂಚಕಾರ’. ಆದುದರಿಂದ ಕಪಾರ್ರಾವನ್ನು ಕನ್ನಡದಲ್ಲಿ ಸಂಚಕಾರವೆಂದರೆ ವಸ್ತುವಿಗೆ ವಸ್ತುವೇ ದೊರೆಯುತ್ತದೆ. ಡೆಪಾಸಿಟ್ ಎಂದರೆ ಕೊಳ್ಳುವವನ ಹಣಕ್ಕೆ ಇಂದಿನ ಆಡುಮಾತಿನ ಅರ್ಥದಲ್ಲಿ ಸಂಚಕಾರ!

ಮೂರನೆಯದು ‘ನೊತಾಯೊ’. ‘ನೋಟರಿ’ಯೆಂದೊಡನೆ ಅಮೆರಿಕದವನಿಗೆ ತೋರುವುದು ರುಜುವಿಗೆ ಸಾಕ್ಷಿಯಾಗಿ ಮುದ್ರೆಯೊತ್ತುವವನು. ಇಟಲಿಯ ೧೯೧೩ರ ೮೯ನೆಯ ಶಾಸನಕ್ಕೊಳಪಟ್ಟ ನೊತಾಯೊ ಒಬ್ಬ ರಾಜಮಾನ್ಯ ಅಧಿಕಾರಿ. ಹಕ್ಕನ್ನೂ ಆಧಾರಸಾಲಗಳನ್ನೂ ಶೋಧಿಸಿ, ಪತ್ರವನ್ನು ತಾನೇ ರಚಿಸಿ, ತೆರಿಗೆಯನ್ನು ವಸೂಲುಮಾಡಿ, ನೋಂದಣಿಗೆ ಕಳುಹಿಸುವವನು. ಆದರೆ ಅವನು ಕೊಳ್ಳುವವನ ವಕೀಲನೂ ಅಲ್ಲ, ಮಾರುವವನ ವಕೀಲನೂ ಅಲ್ಲ; ಉಭಯರಿಗೂ ಸಮನು. ಹೀಗಿರುವಲ್ಲಿ ‘ನೋಟರಿ’ಯೆಂಬುದು ಅವನನ್ನು ತೀರ ಕಿರಿದುಮಾಡುತ್ತದೆ, ‘ಸಾಲಿಸಿಟರ್’ ಎಂಬುದು ಅವನನ್ನು ಒಂದು ಪಕ್ಷಕ್ಕೆ ಕಟ್ಟುತ್ತದೆ.

ನಾಲ್ಕನೆಯದು ‘ಕತಾಸ್ತೊ’. ಇದನ್ನು ‘ಲ್ಯಾಂಡ್ ರಿಜಿಸ್ಟ್ರಿ’ ಎಂದು ಬರೆಯುವುದು ರೂಢಿಯಾಗಿದೆ. ಇಂಗ್ಲೆಂಡಿನ ರಿಜಿಸ್ಟ್ರಿಯಲ್ಲಿ ಹೆಸರಿದ್ದರೆ ಒಡೆತನವೇ ಸಿದ್ಧ. ಕತಾಸ್ತೊ ಎಂಬುದಾದರೋ ತೆರಿಗೆಗಾಗಿ ಇಟ್ಟ ಲೆಕ್ಕ. ನಮ್ಮ ಪುರಸಭೆಯ ಖಾತೆಯಂತೆ ಅದು ಒಡೆತನಕ್ಕೆ ಪ್ರಮಾಣವಲ್ಲ. ಒಡೆತನವನ್ನು ನೋಡಬೇಕಾದುದು ಕ್ರಯಾದಿಗಳು ದಾಖಲಾಗುವ ಬೇರೆಯ ಪುಸ್ತಕಗಳಲ್ಲಿ. ಇಷ್ಟರಮೇಲೆ, ಹಿಂದೆ ಆಸ್ಟ್ರಿಯಾಕ್ಕೆ ಸೇರಿದ್ದ ತ್ರೆಂತೊ, ತ್ರಿಯೆಸ್ತೆ ಮುಂತಾದ ಕಡೆಗಳಲ್ಲಿ ‘ತಾವೊಲಾರೆ’ ಎಂಬ ಪದ್ಧತಿಯು ೧೯೨೯ರ ರಾಜಶಾಸನದಂತೆ ಉಳಿದುಬಂದಿದೆ. ಅಲ್ಲಿ ಕ್ರಯದ ಹಕ್ಕು ಸಂಕ್ರಮಿಸುವುದೇ ಭೂಪುಸ್ತಕದಲ್ಲಿ ದಾಖಲಾದಾಗ. ಈ ಮೂರಕ್ಕೂ ಒಂದೇ ಆಂಗ್ಲಪದವನ್ನಿಟ್ಟರೆ ತೆರಿಗೆಯ ಚೀಟಿಯನ್ನು ಹಿಡಿದು ಒಡೆಯನಾದೆನೆಂದು ನಂಬುವವರ ತಪ್ಪೇನು?

ಪ್ರತಿಪಕ್ಷದವರು ಹೇಳಬಹುದು: ಮೂಲಪದಗಳನ್ನೇ ಇಟ್ಟರೆ ಅದು ಭಾಷಾಂತರವಲ್ಲ, ಭಾಷಾಂತರಕಾರನ ಆಲಸ್ಯ, ಎಂದು. ಈ ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿದೆ. ಅರ್ಥವನ್ನು ಹೇಳದೆ ಮೂಲಪದವನ್ನು ಮಾತ್ರ ಎರಚುವುದು ಆಲಸ್ಯವೇ ಸರಿ. ಬೆಲೆ, ಗೋಡೆ, ದಾರಿಯ ಹಕ್ಕು ಮುಂತಾದುವಕ್ಕೆ ಆಂಗ್ಲದಲ್ಲಿ ನೆಟ್ಟಗಿನ ಪದಗಳುಂಟು, ಅವನ್ನು ಇಡಲಿ. ಆದರೆ ಯಾವ ಪದದ ಹಿಂದೆ ಆ ದೇಶದ ಶಾಸನವೇ ನಿಂತಿದೆಯೋ ಅದು ಶಾಸ್ತ್ರದ ಸಂಜ್ಞೆ. ಸಂಜ್ಞೆಯನ್ನು ಲಕ್ಷಣ ಹೇಳಿ ತಿಳಿಸಬೇಕೇ ಹೊರತು ಬದಲಿಸಬಾರದು. ಆಂಗ್ಲರೇ ‘ಹೇಬಿಯಸ್ ಕಾರ್ಪಸ್’ ಎಂಬ ಲ್ಯಾಟಿನ್ ಮಾತನ್ನು ಹಾಗೆಯೇ ಉಳಿಸಿಕೊಂಡಿರುವರು. ನಮ್ಮ ‘ಬೇನಾಮಿ’ಯು ೧೯೮೮ರ ಆಂಗ್ಲಭಾಷೆಯ ಶಾಸನದ ಹೆಸರಿನಲ್ಲಿಯೇ ನಿಂತಿತು. ಅದರಿಂದ ಆಂಗ್ಲ ಭಾಷೆಯು ಕೆಟ್ಟಿತೆಂದು ಯಾರೂ ಹೇಳಲಿಲ್ಲ.

ಆದುದರಿಂದ ಭಾಷಾಂತರಕಾರನು ಮಾಡತಕ್ಕದ್ದಿಷ್ಟು: ಇಂತಹ ಪದವು ಮೊದಲು ಬಂದಲ್ಲಿ ಮೂಲವನ್ನಿಟ್ಟು, ಪಕ್ಕದಲ್ಲಿ ಅದರ ಫಲವನ್ನು ಎರಡು ಸಾಲಿನಲ್ಲಿ ಹೇಳಿ, ವಿಧಿಯ ಸಂಖ್ಯೆಯನ್ನು ಕೊಟ್ಟು, ಮುಂದೆ ಮೂಲಪದವನ್ನೇ ಬಳಸಲಿ. ಪತ್ರವು ನಾಲ್ಕು ಸಾಲು ಬೆಳೆದೀತು. ಜೀವಮಾನದ ಗಳಿಕೆಯನ್ನು ತಂದು ಪರದೇಶದಲ್ಲಿ ಮನೆ ಕೊಳ್ಳುವವನು ಆ ನಾಲ್ಕು ಸಾಲನ್ನು ಓದಲಾರದಷ್ಟು ಅವಸರದವನಲ್ಲ. ಓದಿದ ಮೇಲೆ ತಾನು ಯಾವುದಕ್ಕೆ ರುಜು ಹಾಕುತ್ತಿರುವೆನೆಂಬುದು ಅವನಿಗೆ ತಿಳಿದಿರಬೇಕು. ಭಾಷಾಂತರಕ್ಕೆ ಅವನು ಹಣ ತೆರುವುದು ಅದಕ್ಕಾಗಿಯೇ.