ವಾಡೆ ಮಾರುವ ಮುನ್ನ

ಬೆಟ್ಟದ ಇಳಿಜಾರಿನ ತೋಟ ಸಮೇತ ಪುರಾತನ ಪೋರ್ಚುಗೀಸ್ ಮನೆಯೊಂದು ಮಾರಾಟಕ್ಕಿದೆ ಎಂದರೆ, ಅದು ದೂರದೇಶದ ಸಿರಿವಂತರ ಸುದ್ದಿಯೆಂದು ನಾವು ಪುಟ ತಿರುವುತ್ತೇವೆ. ಆದರೆ ಪೋರ್ಚುಗಲಿನ 2001ರ ಪರಂಪರೆ ಕಾನೂನನ್ನು ಗಮನಿಸಬೇಕು. ಸರಕಾರ ಪಟ್ಟಿಮಾಡಿದ ಮನೆಯನ್ನು ಮಾರುವ ಒಡೆಯ ಮೊದಲೇ ತಿಳಿಸಬೇಕು. ಕೊಳ್ಳುವ ಮೊದಲ ಹಕ್ಕು ಸರಕಾರಕ್ಕೂ ಊರಿನ ಪುರಸಭೆಗೂ ಉಂಟು. ಮನೆ ಖಾಸಗಿ ಸೊತ್ತೇ ಸರಿ, ಅದರ ಅಳಿವು ಉಳಿವು ಮಾತ್ರ ಊರಿನದು ಎಂಬುದು ಇದರ ತಾತ್ಪರ್ಯ.

ನಮ್ಮ ಗಡಿಗಳಲ್ಲಿ ಏನಾಗುತ್ತಿದೆ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಿಂದ ಕಳಚಿ ಮುಂಬಯಿ ರಾಜ್ಯದ ಪಾಲಾದವು. ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ ಕೂಡ ಅತ್ತಲೇ ಹೋಯಿತು. ಕಚೇರಿಯ ಭಾಷೆ ಒಂದು, ಅಡುಗೆಮನೆಯ ಭಾಷೆ ಇನ್ನೊಂದು ಎಂಬ ಬಾಳು ಅಲ್ಲಿಯ ಕನ್ನಡ ಮನೆತನಗಳಿಗೂ ನಮಗೂ ಸಮಾನ.

ಕರಿಗಲ್ಲಿನ ದಪ್ಪ ಗೋಡೆ, ಸಾಗುವಾನಿ ಕಂಬ, ನಡುವೆ ಅಂಗಳ, ಮೇಲೆ ಮಣ್ಣಿನ ಮಾಳಿಗೆ – ಇದು ಆ ಸೀಮೆಯ ವಾಡೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪಕ್ಕೆ ಸುಮಾರು ಎಂಟು ಸಾವಿರ ಜನ ಬಲಿಯಾದರು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲುಗೋಡೆಗಳು ಮಾಳಿಗೆಯ ಭಾರ ಸಮೇತ ಮಲಗಿದ್ದವರ ಮೇಲೆ ಕುಸಿದುದೇ ಸಾವು ಹೆಚ್ಚಲು ಕಾರಣ. 52 ಹಳ್ಳಿಗಳನ್ನು ಬೇರೆಡೆ ಕಟ್ಟಬೇಕಾಯಿತು. ಅಂಥ ಸೂರಿನಡಿ ಮಕ್ಕಳನ್ನು ಮಲಗಿಸಲು ಅಂಜುವ ತಾಯಿಗೆ ಪರಂಪರೆಯ ಪಾಠ ಹೇಳಲು ನಮಗೆ ಬಾಯಿಲ್ಲ. ಹತ್ತು ಪಾಲುದಾರರ ಮನೆಗೆ ಸುಣ್ಣ ಬಳಿಯುವವರು ಯಾರು ಎಂಬ ಪ್ರಶ್ನೆಯೂ ನ್ಯಾಯವಾದುದೇ. ಮಾರುವವರನ್ನು ನಾವು ದೂರುವುದಿಲ್ಲ.

ನಮ್ಮ ಕಳವಳ ಬೇರೆ. ಮನೆಯೊಂದಿಗೆ ಪೆಟ್ಟಿಗೆಯಲ್ಲಿನ ವಚನದ ಕಟ್ಟು, ಲೆಕ್ಕದ ಪುಸ್ತಕ, ಹಳೆಯ ಪತ್ರಗಳೂ ಹೋಗುತ್ತವೆ. ಕನ್ನಡ ಓದಲು ಬಾರದ ಮೊಮ್ಮಗನಿಗೆ ಅವು ರದ್ದಿ ಕಾಗದ. 75 ವರ್ಷ ದಾಟಿದ, ಐತಿಹಾಸಿಕ ಅಥವಾ ಸಾಹಿತ್ಯಿಕ ಬೆಲೆಯುಳ್ಳ ಹಸ್ತಪ್ರತಿ 1972ರ ಕಾನೂನಿನ ಪ್ರಕಾರ ಪುರಾವಸ್ತು. ಆದರೆ ತೂಕಕ್ಕೆ ಹಾಕುವವನ ತಕ್ಕಡಿಗೆ ಆ ಕಾನೂನು ತಿಳಿಯದು.

ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರ ಮನೆಯನ್ನು 2011ರಲ್ಲಿ ಕೆಡಹತೊಡಗಿದಾಗ ಕೂಗೆದ್ದಿತು; ಮನೆ ಉಳಿದು 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಮಂಜೇಶ್ವರದ ಗೋವಿಂದ ಪೈಗಳ ಮನೆ 'ಗಿಳಿವಿಂಡು' ಆಗಿ ನಿಂತಿದೆ. ಹೆಸರಾಂತವರ ಮನೆಗೆ ಕೂಗುವವರುಂಟು. ಹೆಸರಿಲ್ಲದ ಮನೆತನಕ್ಕೆ ಮನೆಯವರೇ ದಿಕ್ಕು.

ಆದುದರಿಂದ ಉದಗೀರದ ಬಂಧುಗಳಿಗೂ ಇಲ್ಲಿಯ ಗುತ್ತು, ಬೀಡುಗಳ ಮನೆಯವರಿಗೂ ನಮ್ಮ ವಿನಂತಿ ಒಂದೇ. ಕರಾರಿಗೆ ಸಹಿ ಹಾಕುವ ಮೊದಲು ಪೆಟ್ಟಿಗೆ ತೆರೆಯಿರಿ; ಓದಬಲ್ಲ ಹಿರಿಯರಿಗೆ ತೋರಿಸಿರಿ; ವಿಶ್ವವಿದ್ಯಾನಿಲಯದ ಹಸ್ತಪ್ರತಿ ಭಂಡಾರಕ್ಕೆ ಒಪ್ಪಿಸಿರಿ. ಮನೆಯ ಅಳತೆ, ಛಾಯಾಚಿತ್ರ, ಕೋಣೆಕೋಣೆಯ ಕನ್ನಡ ಹೆಸರು ಬರೆದಿಡಿರಿ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಸಭೆ ಸಮಾರಂಭಗಳಿಗೆ ನೆರವು ನೀಡಿದರೆ ಸಾಲದು. ಇಂಥ ಮನೆಗಳಿಗೆ ಓದುಬಲ್ಲವರನ್ನು ಕಳುಹಿಸಲಿ. ಗೋಡೆ ಬಿದ್ದ ಮೇಲೆ ಯಾರನ್ನು ಕಳುಹಿಸಿದರೂ ಓದಲು ಅಲ್ಲಿ ಏನೂ ಉಳಿದಿರುವುದಿಲ್ಲ.