ಆಂಗ್ಲ ನುಡಿಪರೀಕ್ಷೆ ಮತ್ತು ನಮ್ಮೂರ ಸೈಕಲ್

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕೂಡಿ ಮಾತನಾಡಿದ ಎಡೆಗೆ ಅನುಭವ ಮಂಟಪವೆಂಬ ಹೆಸರು ನಿಂತಿತು. ಆ ಹೆಸರಿನಲ್ಲಿಯೇ ಒಂದು ದೊಡ್ಡ ಪಾಠವಿದೆ. ಅಲ್ಲಿ ಅಂಬಿಗರ ಚೌಡಯ್ಯನವರು ದೋಣಿ ನಡೆಸುವವರಾಗಿ, ನುಲಿಯ ಚಂದಯ್ಯನವರು ಹಗ್ಗ ಹೊಸೆಯುವವರಾಗಿ, ಮಡಿವಾಳ ಮಾಚಯ್ಯನವರು ಬಟ್ಟೆ ಒಗೆಯುವವರಾಗಿ ಮಾತನಾಡಿದರು. ಅವರವರ ಕಾಯಕದ ಪದಗಳೇ ಅವರವರ ತತ್ವದ ಪದಗಳಾದವು. ತಾನು ಬಾಳಿದ್ದನ್ನೇ ನುಡಿಯುವವನಿಗೆ ಸಭೆಯ ಅಂಜಿಕೆ ಇರುವುದಿಲ್ಲ.

ಇದನ್ನು ಈ ತಿಂಗಳು ನೆನೆಯಲು ಕಾರಣವುಂಟು. ಬಸವಕಲ್ಯಾಣ, ಹುಮನಾಬಾದ ಭಾಗದ ಭಕ್ತರ ಮನೆಗಳಲ್ಲಿಯೂ ಈಗ ನರ್ಸಿಂಗ್, ಇಂಜಿನಿಯರಿಂಗ್ ಓದಿದ ಮಕ್ಕಳು ಪರದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಆಂಗ್ಲ ಪರೀಕ್ಷೆಯ ಮಾತನ್ನಾಡುತ್ತಾರೆ. ಸಾವಿರಾರು ರೂಪಾಯಿ ಶುಲ್ಕ ಕಟ್ಟಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಬರೆಯಬೇಕು. ಓದು, ಬರಹ, ಆಲಿಕೆಗಳಿಗೆ ಹೆದರದ ಮಕ್ಕಳು ಮಾತಿನ ಪರೀಕ್ಷೆ ಎಂದೊಡನೆ ಕುಗ್ಗುತ್ತಾರೆ. ಕನ್ನಡ ಶಾಲೆಯಲ್ಲಿ ಓದಿದವರಂತೂ ಇದು ತಮ್ಮಿಂದ ಆಗದ ಕೆಲಸವೆಂದೇ ತಿಳಿಯುತ್ತಾರೆ.

ಆ ಪರೀಕ್ಷೆ ಎಂತಹದೆಂಬುದನ್ನು ಪಾಲಕರೂ ಅರಿತಿರುವುದು ಒಳ್ಳೆಯದು. 1989ರಲ್ಲಿ ಆರಂಭವಾದ ಈ ಪರೀಕ್ಷೆಯಲ್ಲಿ 0ಯಿಂದ 9ರವರೆಗೆ ಶ್ರೇಣಿ ಕೊಡುತ್ತಾರೆ. ಮಾತಿನ ಭಾಗವು 11ರಿಂದ 14 ನಿಮಿಷ ನಡೆಯುತ್ತದೆ. ಅದರಲ್ಲಿ ಮೂರು ಹಂತಗಳು. ಮೊದಲು ಮನೆ, ಊರು, ಓದು ಮೊದಲಾದ ಪರಿಚಿತ ಸಂಗತಿಗಳ ಪ್ರಶ್ನೆಗಳು. ಬಳಿಕ ಒಂದು ಚೀಟಿಯಲ್ಲಿ ವಿಷಯ ಕೊಟ್ಟು, ಯೋಚಿಸಲು 1 ನಿಮಿಷ ಬಿಟ್ಟು, 1ರಿಂದ 2 ನಿಮಿಷ ಮಾತನಾಡಿಸುತ್ತಾರೆ. ಕೊನೆಗೆ ಅದೇ ವಿಷಯವನ್ನು ಹಿಡಿದು ಚರ್ಚೆ. ಮಾತಿನ ಓಟ ಮತ್ತು ಹೊಂದಾಣಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರ ಈ ನಾಲ್ಕನ್ನು ಸಮನಾಗಿ ತೂಗುತ್ತಾರೆ. ಇಂಗ್ಲೆಂಡಿನವರ ಧಾಟಿಯಲ್ಲಿಯೇ ನುಡಿಯಬೇಕೆಂಬ ನಿಯಮವಿಲ್ಲ. ಕೇಳುವವರಿಗೆ ತಿಳಿಯುವಂತಿದ್ದರೆ ಸಾಕು.

ಇಂತಹ ಪರೀಕ್ಷೆಯಲ್ಲಿ ಸೈಕಲ್ಲಿನ ವಿಷಯ ಬಂದಿತೆನ್ನೋಣ. ಸೈಕಲ್ ಯಾವಾಗ ಕಲಿತಿರಿ, ನಿಮ್ಮ ಊರಿನಲ್ಲಿ ಅದನ್ನು ಯಾರು ಬಳಸುತ್ತಾರೆ, ರಸ್ತೆ ಹೇಗಿದೆ ಎಂದು ಕೇಳಿದರೆನ್ನೋಣ. ಗೈಡು ನೋಡಿ ಬಾಯಿಪಾಠ ಮಾಡಿದ ವಿದ್ಯಾರ್ಥಿ ತಾನು ಕಾಣದ ಆಮ್‌ಸ್ಟರ್‌ಡಾಮಿನ ಸೈಕಲ್ ಪಥಗಳನ್ನು ವರ್ಣಿಸತೊಡಗುತ್ತಾನೆ. ಎರಡನೆಯ ಪ್ರಶ್ನೆಗೆ ಅವನ ನಾಲಿಗೆ ನಿಲ್ಲುತ್ತದೆ. ನುರಿತ ಪರೀಕ್ಷಕರು ಕಂಠಪಾಠವನ್ನು ಕೂಡಲೇ ಗುರುತಿಸುತ್ತಾರೆ. ಅದಕ್ಕೆ ಒಳ್ಳೆಯ ಶ್ರೇಣಿ ದೊರೆಯದು.

ರಾಜೇಶ್ವರದ ಕಡೆಯ ಹಳ್ಳಿಯಿಂದ ಸೈಕಲ್ ತುಳಿದು ಪ್ರೌಢಶಾಲೆಗೆ ಹೋದ ಮಗಳೊಬ್ಬಳು ಇದೇ ಪ್ರಶ್ನೆಗೆ ಏನೆಲ್ಲ ಹೇಳಬಹುದು! ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಗಾಲಿ ತಿರುಗದಿದ್ದಾಗ ಕಡ್ಡಿಯಿಂದ ಕೆರೆದದ್ದನ್ನು ಹೇಳಬಹುದು. ತೊಗರಿ ಹೊಲದ ದಾರಿ ಮುಗಿದು ಪುಣೆ–ಹೈದರಾಬಾದ್ ಹೆದ್ದಾರಿ ಬಂದೊಡನೆ, ಲಾರಿಗಳ ಗಾಳಿಗೆ ಹ್ಯಾಂಡಲ್ ನಡುಗಿದ್ದನ್ನು ಹೇಳಬಹುದು. ಪಂಕ್ಚರ್ ತಿದ್ದುವವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಏಳುವ ತಾವನ್ನು ಹುಡುಕುವುದನ್ನು ಹೇಳಬಹುದು. ಕಲಿತದ್ದನ್ನು ಹೇಳುವಾಗ ಭೂತಕಾಲ, ಈಗ ತಮ್ಮನು ಅದೇ ಸೈಕಲ್ ತುಳಿಯುವುದನ್ನು ಹೇಳುವಾಗ ವರ್ತಮಾನ, ಮುಂದೆ ರಸ್ತೆ ಹೀಗಾಗಲಿ ಎನ್ನುವಾಗ ಭವಿಷ್ಯ. ವ್ಯಾಕರಣವೂ ತಾನಾಗಿ ಒದಗುತ್ತದೆ. ಪೆಡಲ್, ಚೈನ್, ಬ್ರೇಕ್, ಟೈರ್, ಕ್ಯಾರಿಯರ್, ಬೆಲ್ ಎಂಬ ಮಾತುಗಳನ್ನು ನಮ್ಮ ಅಕ್ಷರ ಕಲಿಯದ ಹಿರಿಯರೂ ಆಡುತ್ತಾರೆ. ಅವೆಲ್ಲವೂ ಆಂಗ್ಲ ಪದಗಳೇ. ಇಷ್ಟು ಬಂಡವಾಳ ಕೈಯಲ್ಲಿರುವಾಗ ಬಡವರಂತೆ ನಿಲ್ಲುವುದೇಕೆ?

ಸೈಕಲ್ ಕಲಿಯದ ಮಕ್ಕಳು ಏನು ಮಾಡಬೇಕು? ಕಲಿಯಲಿಲ್ಲವೆಂದು ನಿಜವನ್ನೇ ಹೇಳಿ, ಏಕೆ ಕಲಿಯಲಿಲ್ಲವೆಂಬುದನ್ನು ವಿವರಿಸಬೇಕು. ಅದೂ ಪೂರ್ಣ ಉತ್ತರವೇ. ಪರೀಕ್ಷಕರು ಮಾತಿನ ಸತ್ಯಾಸತ್ಯವನ್ನು ಶೋಧಿಸುವುದಿಲ್ಲವೆಂದು ಸುಳ್ಳನ್ನು ಹೆಣೆಯಲು ಕಲಿಸುವವರುಂಟು. ಹುಸಿ ನುಡಿಯಬಾರದೆಂಬುದು ಶರಣಧರ್ಮದ ಮೊದಲ ಪಾಠಗಳಲ್ಲೊಂದು. ವಿದೇಶದ ಬಾಗಿಲಲ್ಲಿ ನಿಂತೊಡನೆ ಆ ಪಾಠ ರದ್ದಾಗುವುದಿಲ್ಲ.

ಈ ‘ಏಕೆ’ ಎಂಬ ಪ್ರಶ್ನೆ ಪಾಲಕರನ್ನೂ ಮುಟ್ಟುತ್ತದೆ. ಮಗನಿಗೆ ಸೈಕಲ್ ಕೊಡಿಸಿ, ಮಗಳು ಕೇಳಿದಾಗ ‘ಹೆಣ್ಣುಮಕ್ಕಳಿಗೇಕೆ’ ಎಂದ ಮನೆಗಳು ನಮ್ಮಲ್ಲಿ ಎಷ್ಟಿದ್ದವು! ಕರ್ನಾಟಕ ಸರ್ಕಾರವು 2006–07ರಲ್ಲಿ 8ನೆಯ ತರಗತಿಯ ವಿದ್ಯಾರ್ಥಿನಿಯರಿಗೆ ಉಚಿತ ಸೈಕಲ್ ಕೊಡತೊಡಗಿತು. ಮರುವರ್ಷ ಬಾಲಕರಿಗೂ ಅದು ದೊರೆಯಿತು. ಬಿಹಾರದಲ್ಲಿಯೂ 2006ರಲ್ಲಿ ಇಂತಹ ಯೋಜನೆ ಬಂದಿತು. ಅದರಿಂದ ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇಕಡಾ 30ಕ್ಕಿಂತ ಹೆಚ್ಚು ಏರಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ದೂರವೇ ಓದಿಗೆ ಅಡ್ಡಿಯಾಗಿದ್ದ ಕಡೆ ಎರಡು ಗಾಲಿಗಳು ಆ ಅಡ್ಡಿಯನ್ನು ಸರಿಸಿದವು. ಚರ್ಚೆಯ ಹಂತದಲ್ಲಿ ಹೇಳಲು ಇದಕ್ಕಿಂತ ಗಟ್ಟಿಯಾದ ಸಂಗತಿ ಬೇಕೆ? ಹೆಣ್ಣಿಗೂ ಅನುಭಾವದ ಗೋಷ್ಠಿಯಲ್ಲಿ ಪೀಠವಿತ್ತ ಪರಂಪರೆ ನಮ್ಮದು. ಮಾತನಾಡಲು ಅವಳಿಗೊಂದು ಅನುಭವ ದೊರೆಯುವಂತೆ ಮಾಡುವುದೂ ಅದೇ ಪರಂಪರೆಯ ಹೊಣೆ.

ಆದುದರಿಂದ ನಮ್ಮ ಬಿನ್ನಹವಿಷ್ಟೆ. ಸಂಜೆ ಇಷ್ಟಲಿಂಗ ಪೂಜೆಯಾದ ಮೇಲೆ ಮನೆಮಂದಿ ಕೂಡಿ ಕುಳಿತು, ಮಕ್ಕಳಿಗೆ ದಿನಕ್ಕೊಂದು ವಿಷಯ ಕೊಡಿರಿ. ಸೈಕಲ್, ಬಾವಿ, ಸಂತೆ, ವೀರಭದ್ರೇಶ್ವರ ಜಾತ್ರೆ ಯಾವುದೂ ಆದೀತು. ಮೊದಲು ಕನ್ನಡದಲ್ಲಿ ಎರಡು ನಿಮಿಷ ತಡೆಯಿಲ್ಲದೆ ಮಾತನಾಡಲಿ. ಅನಂತರ ಅದನ್ನೇ ಸಣ್ಣ ಸಣ್ಣ ಆಂಗ್ಲ ವಾಕ್ಯಗಳಲ್ಲಿ ಹೇಳಲಿ. ತಪ್ಪಿದರೆ ನಗಬೇಡಿರಿ, ನಡುವೆ ತಡೆಯಬೇಡಿರಿ. ಪರಭಾಷೆಯ ಅಂಜಿಕೆ ಈ ಸೀಮೆಗೆ ಸಲ್ಲದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಇಲ್ಲಿಯ ಹಿರಿಯರು ಶಾಲೆಯಲ್ಲಿ ಉರ್ದು ಕಲಿತರು, ಸಂತೆಯಲ್ಲಿ ಮರಾಠಿ ಆಡಿದರು, ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡರು.

ಸೈಕಲ್ ಕಲಿಯುವಾಗ ಹಿಂದಿನಿಂದ ಸೀಟು ಹಿಡಿದವರು ಒಂದು ಗಳಿಗೆಯಲ್ಲಿ ಕೈ ಬಿಡಲೇಬೇಕು. ಭಾಷೆಯಲ್ಲಿಯೂ ಹಾಗೆಯೇ. ಗೈಡಿನ ಕೈ ಬಿಟ್ಟು ತಮ್ಮ ಅನುಭವದ ಬಲದಿಂದ ನಮ್ಮ ಮಕ್ಕಳು ಮುಂದೆ ಸಾಗಲಿ. ಎಲ್ಲಿಗೆ ಹೋದರೂ ನಿಜವನ್ನೇ ನುಡಿಯಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.